ಕಂಪ್ಯೂಟರಿನಲ್ಲಿ ಸರಿಯಿದ್ದ ಪುಟ ಮೊಬೈಲಿನಲ್ಲಿ ಕೆಟ್ಟದ್ದು: ಮೊದಲ ಜಾಲತಾಣದ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದ ಕಲಿಕಾರ್ಥಿ ತಂತ್ರಜ್ಞಾನದ ಹಿನ್ನೆಲೆಯವರಲ್ಲ. ಬೇರೊಂದು ವೃತ್ತಿಯಲ್ಲಿದ್ದುಕೊಂಡೇ ಬಿಡುವಿನ ವೇಳೆಯಲ್ಲಿ ವಿಡಿಯೊ ಪಾಠಗಳನ್ನು ನೋಡಿ ಪುಟದ ರಚನೆಯನ್ನು ಬರೆಯುವ ಎಚ್‌ಟಿಎಂಎಲ್, ಅದರ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಮತ್ತು ತಕ್ಕಮಟ್ಟಿಗೆ, ಪುಟದಿಂದ ಕೆಲಸ ಮಾಡಿಸುವ ಜಾವಾಸ್ಕ್ರಿಪ್ಟ್ ಕಲಿತವರು. ಪಾಠದಲ್ಲಿ ತೋರಿಸಿದ್ದನ್ನು ಹಾಗೆಯೇ ಬರೆದು ಅದೇ ಫಲಿತಾಂಶ ಪಡೆಯುವುದು ಅವರಿಗೆ ಸಲೀಸಾಗಿತ್ತು. ಟ್ಯಾಗ್‌ಗಳ ಹೆಸರು, ಗುಣಗಳ ಹೆಸರು, ಪುಟದ ಪ್ರತಿ ಅಂಶವನ್ನೂ ಪೆಟ್ಟಿಗೆಯೆಂದು ಎಣಿಸುವ ಬಾಕ್ಸ್ ಮಾದರಿಯ ವ್ಯಾಖ್ಯಾನ ಎಲ್ಲವೂ ಬಾಯಿಗೆ ಬರುತ್ತಿದ್ದವು. ಇಷ್ಟೆಲ್ಲ ತಿಳಿದವರು ಮೂರು ಪುಟಗಳ ಸರಳ ತಾಣವೊಂದನ್ನು ಕಟ್ಟುವಾಗ ವಾರಗಟ್ಟಲೆ ಒಂದೇ ಕಡೆ ಸಿಕ್ಕಿಕೊಂಡದ್ದು ಏಕೆ, ಹೊರಬಂದದ್ದು ಹೇಗೆ ಎಂಬುದನ್ನು, ಅವರಿಗೆ ಮಾರ್ಗದರ್ಶನ ಮಾಡುವ ಅವಕಾಶ ಸಿಕ್ಕಿದ್ದರಿಂದ, ಇಲ್ಲಿ ವಿವರವಾಗಿ ದಾಖಲಿಸುತ್ತಿದ್ದೇನೆ.

ತಾಣದ ಉದ್ದೇಶ ಸ್ಪಷ್ಟವಾಗಿತ್ತು. ತಮ್ಮತಮ್ಮಲ್ಲೇ ಪುಸ್ತಕಗಳನ್ನು ಎರವಲು ಕೊಟ್ಟು ತೆಗೆದುಕೊಳ್ಳುವ ಸಣ್ಣ ಓದುಗರ ಗುಂಪಿಗಾಗಿ ಒಂದು ಪರಿಚಯ ಪುಟ, ಒಂದು ಪುಸ್ತಕ ಪಟ್ಟಿ, ಬೇಕಾದ ಪುಸ್ತಕವನ್ನು ಕೇಳಲು ಒಂದು ಫಾರಂ. ಪಠ್ಯವೆಲ್ಲ ಕನ್ನಡದಲ್ಲಿ. ವಿನ್ಯಾಸಕ್ಕಾಗಿ ಅವರು ಇಂಗ್ಲಿಷ್ ತಾಣಗಳಿಗೆಂದು ಮಾಡಿದ ಉಚಿತ ಟೆಂಪ್ಲೇಟ್ ಒಂದರ ಸ್ಟೈಲ್‌ಶೀಟನ್ನು, ಅಂದರೆ ಸಿಎಸ್‌ಎಸ್ ಫೈಲನ್ನು, ತೆಗೆದುಕೊಂಡು ತಮ್ಮ ಪುಟಗಳಿಗೆ ಜೋಡಿಸಿದ್ದರು. ಅವರ ಲ್ಯಾಪ್‌ಟಾಪಿನ ಪರದೆಯ ಮೇಲೆ ಪುಟ ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು.

ಎದುರಾದ ಸ್ಥಿತಿ

ಫೈಲುಗಳನ್ನು ಉಚಿತ ಹೋಸ್ಟಿಂಗ್ ಸೇವೆಯೊಂದಕ್ಕೆ ಅಪ್‌ಲೋಡ್ ಮಾಡಿ, ಅದರ ಕೊಂಡಿಯನ್ನು ಮೊಬೈಲಿನಲ್ಲಿ ತೆರೆದಾಗ ದೋಷಗಳು ಒಟ್ಟೊಟ್ಟಿಗೆ ಕಾಣಿಸಿಕೊಂಡವು. ಕನ್ನಡ ಅಕ್ಷರಗಳಿರಬೇಕಾದ ಕಡೆಯಲ್ಲೆಲ್ಲ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲುಗಳಿದ್ದವು. ಚಿತ್ರಗಳ ಜಾಗದಲ್ಲಿ ಮುರಿದ ಚಿತ್ರದ ಗುರುತು ಮಾತ್ರ ಉಳಿದಿತ್ತು. ಇಡೀ ಪುಟ ಕುಗ್ಗಿ, ಹಿಗ್ಗಿಸದೆ ಏನನ್ನೂ ಓದಲಾಗದ ಸ್ಥಿತಿಯಲ್ಲಿತ್ತು.

ಅವರು ಮಾಡಿದ ಮೊದಲ ಕೆಲಸ ಬಹುತೇಕ ಎಲ್ಲ ಹೊಸಬರೂ ಮಾಡುವಂಥದ್ದೇ: ಪ್ರತಿ ದೋಷವನ್ನೂ ಅಂತರಜಾಲದಲ್ಲಿ ಹುಡುಕಿ, ಸಿಕ್ಕ ಉತ್ತರವನ್ನು ಸ್ಟೈಲ್‌ಶೀಟಿನ ಕೊನೆಗೆ ಅಂಟಿಸುವುದು. ಒಂದು ಉತ್ತರ ಕೆಲಸ ಮಾಡದಿದ್ದರೆ ಅದನ್ನು ಅಳಿಸದೆ ಇನ್ನೊಂದನ್ನು ಸೇರಿಸುವುದು, ಅದೂ ಫಲಿಸದಿದ್ದರೆ ‘ಇಂಪಾರ್ಟೆಂಟ್’ ಎಂಬ ಬಲವಂತದ ಗುರುತನ್ನು ಹಚ್ಚುವುದು. ನಾನು ನೋಡುವ ಹೊತ್ತಿಗೆ ಫೈಲು ಮೂಲದ ಎರಡರಷ್ಟಾಗಿತ್ತು, ಯಾವ ಸಾಲು ಯಾವ ಕಾರಣಕ್ಕೆ ಇದೆ ಎಂಬುದನ್ನು ಅವರೇ ಹೇಳಲಾರದ ಹಂತ ತಲುಪಿತ್ತು.

ಇದಕ್ಕೆ ಕಲಿಕಾರ್ಥಿಯ ಅಜಾಗರೂಕತೆಯನ್ನು ದೂರುವುದು ನ್ಯಾಯವಲ್ಲ. ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಎರಡೂ ತಪ್ಪಾದಾಗ ಬಾಯಿ ಬಿಡದ ಭಾಷೆಗಳು. 1996ರಲ್ಲಿ ಬಂದ ಸಿಎಸ್‌ಎಸ್‌ನ ಮೊದಲ ಆವೃತ್ತಿಯಿಂದಲೂ ನಿಯಮ ಒಂದೇ: ಬ್ರೌಸರ್ ತನಗೆ ಅರ್ಥವಾಗದ ಸಾಲನ್ನು ಬಿಟ್ಟು ಮುಂದೆ ಹೋಗಬೇಕು. 2014ರಲ್ಲಿ ಶಿಫಾರಸಿನ ಸ್ಥಾನ ಪಡೆದ ಎಚ್‌ಟಿಎಂಎಲ್5 ಅಂತೂ ತಪ್ಪಾಗಿ ಬರೆದ ಟ್ಯಾಗ್‌ಗಳನ್ನು ಎಲ್ಲ ಬ್ರೌಸರ್‌ಗಳೂ ಒಂದೇ ಬಗೆಯಲ್ಲಿ ಹೇಗೆ ಸರಿದೂಗಿಸಬೇಕು ಎಂಬುದನ್ನು ವಿವರವಾಗಿ ವಿಧಿಸಿದೆ. ಹಳೆಯ ಪುಟಗಳು ಹೊಸ ಬ್ರೌಸರ್‌ಗಳಲ್ಲಿ ಇಂದಿಗೂ ತೆರೆದುಕೊಳ್ಳುವುದು ಈ ಉದಾರತೆಯಿಂದಲೇ. ಆದರೆ ಹೊಸದಾಗಿ ಕಲಿಯುವವರ ಪಾಲಿಗೆ ಅದೇ ದೊಡ್ಡ ತೊಡಕು, ಏಕೆಂದರೆ ತಪ್ಪು ಎಲ್ಲಿದೆ ಎಂದು ಹೇಳುವವರೇ ಇಲ್ಲದಿರುವಾಗ ಊಹಿಸುವುದೊಂದೇ ದಾರಿಯೆಂದು ಅವರಿಗೆ ತೋರುತ್ತದೆ.

ಮೊದಲು ಬಗೆಹರಿದ ಎರಡು ದೋಷಗಳು

ಅಕ್ಷರಗಳ ದೋಷಕ್ಕೆ ಕಾರಣ, ಪುಟದ ಬಗೆಗಿನ ಮಾಹಿತಿಯಿರುವ ‘ಹೆಡ್’ ಭಾಗದಲ್ಲಿ ಅಕ್ಷರ ಸಂಕೇತವನ್ನು ಘೋಷಿಸುವ ಸಾಲು ಇಲ್ಲದಿರುವುದು. ಎಡಿಟರ್ ಫೈಲನ್ನು ಯುಟಿಎಫ್-8 ಸಂಕೇತದಲ್ಲೇ ಉಳಿಸಿತ್ತು. ಆ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಬಿಂದುವೂ (ಅಕ್ಷರ ಇಲ್ಲವೇ ಚಿಹ್ನೆಗೆ ಕೊಟ್ಟ ಸಂಖ್ಯೆ) 3 ಬೈಟ್ ಹಿಡಿಯುತ್ತದೆ. ಘೋಷಣೆ ಇಲ್ಲದ ಪುಟವನ್ನು ಬ್ರೌಸರ್ ಹಳೆಯ ಪಾಶ್ಚಾತ್ಯ ಸಂಕೇತದಲ್ಲಿದೆ ಎಂದು ಭಾವಿಸಿ ಆ ಮೂರು ಬೈಟುಗಳನ್ನು ಮೂರು ಬೇರೆ ಬೇರೆ ರೋಮನ್ ಚಿಹ್ನೆಗಳೆಂದು ಓದಿತು. ಲ್ಯಾಪ್‌ಟಾಪಿನಲ್ಲಿ ಹೀಗಾಗದಿರಲು ಕಾರಣವೂ ಸರಳ: ಡಿಸ್ಕಿನಿಂದ ನೇರವಾಗಿ ತೆರೆದ ಫೈಲು ಇಡಿಯಾಗಿ ಕೈಯಲ್ಲಿರುವುದರಿಂದ ಬ್ರೌಸರ್ ಅದರ ಸಂಕೇತವನ್ನು ತಾನೇ ಗುರುತಿಸಿಕೊಂಡಿತ್ತು. ಘೋಷಣೆಯ ಸಾಲು ಫೈಲಿನ ಮೊದಲ 1024 ಬೈಟುಗಳೊಳಗೆ ಇರಬೇಕೆಂಬ ನಿಯಮವಿರುವುದರಿಂದ ಅದನ್ನು ‘ಹೆಡ್’ನ ಮೊಟ್ಟಮೊದಲ ಸಾಲಾಗಿಯೇ ಬರೆಸಿದೆ. ಅದರ ಜೊತೆಗೆ ಪುಟದ ಭಾಷೆ ಕನ್ನಡವೆಂದು ತಿಳಿಸುವ ‘ಲ್ಯಾಂಗ್’ ಗುಣವನ್ನೂ ಸೇರಿಸಿದರು. ಪರದೆಯನ್ನು ಓದಿ ಹೇಳುವ ತಂತ್ರಾಂಶಗಳು ಯಾವ ಭಾಷೆಯ ಧ್ವನಿಯನ್ನು ಬಳಸಬೇಕೆಂದು ನಿರ್ಧರಿಸುವುದು ಅದರಿಂದಲೇ.

ಚಿತ್ರಗಳ ದೋಷದಲ್ಲಿ ಎರಡು ಕಾರಣಗಳು ಬೆರೆತಿದ್ದವು. ಕೆಲವು ಚಿತ್ರಗಳ ವಿಳಾಸ ಅವರ ಕಂಪ್ಯೂಟರಿನ ಸಿ ಡ್ರೈವಿನಿಂದಲೇ ಆರಂಭವಾಗುತ್ತಿತ್ತು, ಅದು ಬೇರೆ ಯಾರ ಸಾಧನದಲ್ಲೂ ಸಿಗುವಂಥದ್ದಲ್ಲ. ಉಳಿದವುಗಳಲ್ಲಿ ಫೈಲಿನ ಹೆಸರಿನ ಕೊನೆಯ ಭಾಗ ದೊಡ್ಡಕ್ಷರದಲ್ಲಿದ್ದು ಕೋಡಿನಲ್ಲಿ ಸಣ್ಣಕ್ಷರದಲ್ಲಿತ್ತು. ವಿಂಡೋಸ್ ಸಾಮಾನ್ಯವಾಗಿ ಈ ವ್ಯತ್ಯಾಸವನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ, ಲಿನಕ್ಸ್ ಸರ್ವರ್ ತೆಗೆದುಕೊಳ್ಳುತ್ತದೆ. ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗವನ್ನು ತೆರೆದಾಗ ಆ ಚಿತ್ರಗಳ ಎದುರು, ಫೈಲು ಸಿಗಲಿಲ್ಲವೆನ್ನುವ 404 ಎಂಬ ಸಂಖ್ಯೆ ಕೆಂಪಾಗಿ ಕಂಡಿತು. ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ ಬ್ರೌಸರಿನ ಬಳಿಯೂ ಹೇಳಲು ವಿಷಯವಿದೆ ಎಂಬುದು ಅವರಿಗೆ ಮನವರಿಕೆಯಾದದ್ದು ಆಗಲೇ.

ಮುಖ್ಯ ದೋಷ: ಪಕ್ಕಕ್ಕೆ ಜಾರುವ ಪುಟ

ಪುಟ ಕುಗ್ಗಿ ಕಾಣಲು ಕಾರಣ ಚಾರಿತ್ರಿಕವಾದದ್ದು. 2007ರಲ್ಲಿ ಐಫೋನ್ ಬಂದಾಗ ಹೆಚ್ಚಿನ ತಾಣಗಳು ಅಗಲ ಪರದೆಗೆಂದೇ ಮಾಡಿದವಾಗಿದ್ದರಿಂದ, ಅದರ ಬ್ರೌಸರ್ ತನ್ನ ಪರದೆ 980 ಪಿಕ್ಸೆಲ್ ಅಗಲವಿದೆಯೆಂದು ಭಾವಿಸಿ ಪುಟವನ್ನು ಜೋಡಿಸಿ, ಬಳಿಕ ಅದನ್ನು ಕುಗ್ಗಿಸಿ ತೋರಿಸುತ್ತಿತ್ತು. ಇಂದಿಗೂ ಮೊಬೈಲ್ ಬ್ರೌಸರ್‌ಗಳು ಬೇರೆ ಸೂಚನೆ ಇಲ್ಲದಿದ್ದರೆ ಹಾಗೆಯೇ ಮಾಡುತ್ತವೆ. 16 ಪಿಕ್ಸೆಲ್‌ನ ಅಕ್ಷರ 360 ಪಿಕ್ಸೆಲ್ ಅಗಲದ ಪರದೆಯಲ್ಲಿ ಸುಮಾರು 6 ಪಿಕ್ಸೆಲ್‌ಗೆ ಇಳಿಯುತ್ತದೆ. ‘ವ್ಯೂಪೋರ್ಟ್’ ಮೆಟಾ ಟ್ಯಾಗ್ ಸಾಧನದ ನಿಜವಾದ ಅಗಲವನ್ನೇ ಬಳಸುವಂತೆ ಬ್ರೌಸರಿಗೆ ಹೇಳುತ್ತದೆ. ಕಲಿಕಾರ್ಥಿ ಅದನ್ನು ಹುಡುಕಿ ತಾವೇ ಸೇರಿಸಿದ್ದರು. ಅಕ್ಷರಗಳು ದೊಡ್ಡದಾದವು, ಆದರೆ ಪುಟ ಪರದೆಯಿಂದ ಹೊರಗೆ ಚಾಚಿ ಪಕ್ಕಕ್ಕೆ ಜಾರತೊಡಗಿತು.

ಅವರು ಸಿಕ್ಕಿಕೊಂಡದ್ದು ಇಲ್ಲಿಯೇ. ಪುಟದ ಎಲ್ಲ ವಿಷಯವನ್ನೂ ಸುತ್ತುವರಿದ ಹೊರ ಪೆಟ್ಟಿಗೆಗೆ ಟೆಂಪ್ಲೇಟಿನಲ್ಲಿ 960 ಪಿಕ್ಸೆಲ್ ಅಗಲವನ್ನು ಕಟ್ಟಿಹಾಕಿದ್ದರು. ಅದನ್ನು ಗುರುತಿಸಿದ ಕಲಿಕಾರ್ಥಿ 960ರ ಬದಲು ಶೇಕಡ 100 ಎಂದು ಬರೆದರು. ಜಾರುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಕೊನೆಗೆ ಹುಡುಕಾಟದಲ್ಲಿ ಸಿಕ್ಕ ಉತ್ತರವೊಂದರಂತೆ, ಪರದೆಯಾಚೆ ಚಾಚಿದ್ದನ್ನು ಮರೆಮಾಡುವ ‘ಓವರ್‌ಫ್ಲೋ’ ಸಾಲನ್ನು ಪುಟದ ಕಾಣುವ ಭಾಗವಾದ ‘ಬಾಡಿ’ಗೆ ಹಾಕಿದರು. ಜಾರುವುದು ನಿಂತಿತು, ಅದರ ಜೊತೆಗೇ ಪ್ರತಿ ಸಾಲಿನ ಕೊನೆಯ ಒಂದೆರಡು ಅಕ್ಷರಗಳು ಕತ್ತರಿಸಿಹೋದವು. ಕಣ್ಣಿಗೆ ಕಾಣುವ ಲಕ್ಷಣ ಹೋಗಿ ದೋಷ ಹಾಗೆಯೇ ಉಳಿದಿತ್ತು, ಈಗ ಅದನ್ನು ಹುಡುಕುವುದೂ ಕಷ್ಟವಾಗಿತ್ತು.

ಈ ಹಂತದಲ್ಲಿ ಹೊಸದೊಂದು ಸಾಲನ್ನು ಸೂಚಿಸುವ ಬದಲು, ಸ್ಟೈಲ್‌ಶೀಟನ್ನೇ ಪುಟದಿಂದ ಕಳಚುವಂತೆ ಹೇಳಿದೆ. ಅದನ್ನು ಜೋಡಿಸುವ ಒಂದು ಸಾಲನ್ನು ಕಾಮೆಂಟ್ ಮಾಡಿದರೆ, ಅಂದರೆ ಬ್ರೌಸರ್ ಓದದ ಟಿಪ್ಪಣಿಯಾಗಿಸಿದರೆ, ಸಾಕು. ಅವರು ಹಿಂಜರಿದರು, ಅಷ್ಟು ದಿನದ ಶ್ರಮವೆಲ್ಲ ಆ ಫೈಲಿನಲ್ಲಿತ್ತು. ಕಳಚಿ ಮೊಬೈಲಿನಲ್ಲಿ ತೆರೆದರೆ, ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರದ, ಅಲಂಕಾರವೇನೂ ಇಲ್ಲದ ಪುಟ ಪರದೆಯ ಅಗಲಕ್ಕೆ ಸರಿಯಾಗಿ ಕುಳಿತಿತ್ತು. ಶೀರ್ಷಿಕೆಗಳು ದಪ್ಪಗಿದ್ದವು, ಸಾಲುಗಳು ಅಂಚಿಗೆ ಬಂದು ತಾವೇ ಮುರಿಯುತ್ತಿದ್ದವು, ಪಟ್ಟಿ ಪಟ್ಟಿಯಂತೆ ಇತ್ತು. ದೊಡ್ಡ ಚಿತ್ರವೊಂದು ಮಾತ್ರ ಹೊರಗೆ ಚಾಚಿತ್ತು.

ಈ ಪ್ರಕರಣದಲ್ಲಿ ನಾನು ಮುಖ್ಯವೆಂದು ಭಾವಿಸುವ ವಿಷಯ ಇದೇ. ಎಲ್ಲ ಬಗೆಯ ಪರದೆಗಳಿಗೂ ಹೊಂದಿಕೊಳ್ಳುವ ಗುಣವನ್ನು ಪುಟಕ್ಕೆ ನಾವು ಮೇಲಿನಿಂದ ಸೇರಿಸಬೇಕು ಎಂದು ಹೆಚ್ಚಿನ ಪಾಠಗಳು ಕಲಿಸುತ್ತವೆ. ಅಂಥ ವಿನ್ಯಾಸಕ್ಕೆ 2010ರಲ್ಲಿ ಜಾಲ ವಿನ್ಯಾಸಕ ಈಥನ್ ಮಾರ್ಕಾಟ್ ‘ರೆಸ್ಪಾನ್ಸಿವ್’ ಎಂಬ ಹೆಸರು ಕೊಟ್ಟಾಗ, ಹೆಚ್ಚಿನ ತಾಣಗಳು ಗೊತ್ತಾದ ಅಗಲಗಳಿಗೆ ಬಿಗಿಯಲ್ಪಟ್ಟಿದ್ದವು, ಆದ್ದರಿಂದ ಅದು ಹೊಸ ಪದ್ಧತಿಯಂತೆ ಕಂಡದ್ದು ಸಹಜ. ಆದರೆ ಅಲಂಕರಿಸದ ಎಚ್‌ಟಿಎಂಎಲ್ ಪುಟಕ್ಕೆ ಹೊಂದಿಕೊಳ್ಳುವ ಗುಣ ಹುಟ್ಟಿನಿಂದಲೇ ಇದೆ. ಅದನ್ನು ಕೆಡಿಸುವುದು ನಾವು ಬರೆಯುವ ಸಿಎಸ್‌ಎಸ್. ಆದ್ದರಿಂದ ಹೊಸಬರು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಸರಿಮಾಡಲು ಏನು ಸೇರಿಸಲಿ’ ಎಂಬುದಲ್ಲ, ‘ನಾನು ಸೇರಿಸಿದ ಯಾವುದರಿಂದ ಇದು ಕೆಟ್ಟಿತು’ ಎಂಬುದು.

ಸ್ಟೈಲ್‌ಶೀಟಿನ ನಿಯಮಗಳನ್ನು ಒಂದೊಂದಾಗಿ ಮರಳಿ ಹಾಕುತ್ತ, ಪ್ರತಿ ಬಾರಿಯೂ ಪುಟವನ್ನು 360 ಪಿಕ್ಸೆಲ್ ಅಗಲದಲ್ಲಿ ನೋಡುತ್ತ ಹೋದರು. ಬಣ್ಣಗಳು ಬಂದವು, ಅಕ್ಷರ ಗಾತ್ರಗಳು ಬಂದವು, ಪುಟ ಅಲುಗಲಿಲ್ಲ. ಹೊರ ಪೆಟ್ಟಿಗೆಯ ನಿಯಮ ಬಂದೊಡನೆ ಜಾರಿತು. ಡೆವಲಪರ್ ಟೂಲ್ಸ್‌ನಲ್ಲಿ ಆ ಪೆಟ್ಟಿಗೆಯನ್ನು ಆರಿಸಿದಾಗ ಬಂದ ಚೌಕಗಳ ಚಿತ್ರದಲ್ಲಿ ಒಳಗಿನ ವಿಷಯದ ಅಗಲ 360 ಎಂದಿತ್ತು, ಎಡ ಬಲಗಳ ಪ್ಯಾಡಿಂಗ್ (ವಿಷಯಕ್ಕೂ ಅಂಚಿಗೂ ನಡುವೆ ಬಿಡುವ ಜಾಗ) ತಲಾ 20 ಎಂದಿತ್ತು. ಅಂದರೆ ಪೆಟ್ಟಿಗೆಯ ಒಟ್ಟು ಅಗಲ 400. ಸಿಎಸ್‌ಎಸ್‌ನ ಸಹಜ ಲೆಕ್ಕದಲ್ಲಿ ಅಗಲವೆಂದರೆ ಒಳಗಿನ ವಿಷಯದ ಅಗಲ ಮಾತ್ರ, ಪ್ಯಾಡಿಂಗ್ ಮತ್ತು ಅಂಚು ಅದರ ಹೊರಗೆ ಸೇರಿಕೊಳ್ಳುತ್ತವೆ. ಈ ವ್ಯಾಖ್ಯಾನವನ್ನು ಅವರು ಬಹಳ ಹಿಂದೆಯೇ ಓದಿದ್ದರು. ತಮ್ಮದೇ ಪುಟದ 40 ಪಿಕ್ಸೆಲ್‌ಗಳ ರೂಪದಲ್ಲಿ ಅದನ್ನು ಕಂಡದ್ದು ಆಗ.

ಪರಿಹಾರವಾಗಿ ಅವರು ಹೊಸ ಸಾಲು ಬರೆಯಬೇಕಾಗಲಿಲ್ಲ. ಶೇಕಡ 100 ಎಂದಿದ್ದ ಅಗಲದ ಸಾಲನ್ನು ಅಳಿಸಿದರು. ಬ್ಲಾಕ್ ಜಾತಿಯ ಪೆಟ್ಟಿಗೆ ಯಾರೂ ಹೇಳದೆಯೇ ತನಗೆ ಸಿಗುವ ಅಗಲವನ್ನು ಪ್ಯಾಡಿಂಗ್ ಸಮೇತ ತುಂಬಿಕೊಳ್ಳುತ್ತದೆ, ಆದ್ದರಿಂದ ಪೆಟ್ಟಿಗೆ 360ಕ್ಕೆ ಬಂದು ಒಳಗಿನ ವಿಷಯ 320 ಆಯಿತು. ಅಗಲ ಪರದೆಯಲ್ಲಿ ಸಾಲುಗಳು ಬಹಳ ಉದ್ದವಾಗದಂತೆ 960ರ ಗರಿಷ್ಠ ಅಗಲವನ್ನಷ್ಟೇ ಇಟ್ಟುಕೊಂಡರು. ‘ಓವರ್‌ಫ್ಲೋ’ ಸಾಲೂ ಹೋಯಿತು.

ಫಾರಂ ಪುಟದಲ್ಲಿ ಮಾತ್ರ ಇನ್ನೂ ಒಂದು ಅಲುಗಾಟ ಉಳಿದಿತ್ತು, ಬೆರಳಿಟ್ಟರೆ ಪುಟ ಕೇವಲ 2 ಪಿಕ್ಸೆಲ್ ಪಕ್ಕಕ್ಕೆ ಸರಿಯುತ್ತಿತ್ತು. ಈ ಬಾರಿ ಅವರು ಯಾರನ್ನೂ ಕೇಳದೆ ಲೆಕ್ಕ ಹಾಕಿದರು. ಪಠ್ಯ ತುಂಬುವ ಇನ್‌ಪುಟ್ ಪೆಟ್ಟಿಗೆಗಳು ಬ್ಲಾಕ್ ಪೆಟ್ಟಿಗೆಗಳಂತೆ ತಾವೇ ಅಗಲವಾಗುವುದಿಲ್ಲ, ಅವುಗಳಿಗೆ ಶೇಕಡ 100 ಅಗಲ ಕೊಡಲೇಬೇಕು. ಒಳಗಿನ 320ಕ್ಕೆ ಎರಡೂ ಕಡೆಯ 10ರಂತೆ ಪ್ಯಾಡಿಂಗ್, 1ರಂತೆ ಅಂಚು ಸೇರಿ 342 ಆಗುತ್ತದೆ; ಎಡಗಡೆಯ 20 ಸೇರಿದರೆ 362. ‘ಬಾಡಿ’ಗೆ ಸಹಜವಾಗಿ ಇರುವ 8 ಪಿಕ್ಸೆಲ್ ಮಾರ್ಜಿನ್ ಅನ್ನು ಟೆಂಪ್ಲೇಟ್ ಮೊದಲೇ ಸೊನ್ನೆ ಮಾಡಿತ್ತಾದ್ದರಿಂದ ಲೆಕ್ಕ ಚಾಚೂ ತಪ್ಪಲಿಲ್ಲ. ಇಲ್ಲಿ ‘ಬಾಕ್ಸ್-ಸೈಜಿಂಗ್’ ಗುಣಕ್ಕೆ ‘ಬಾರ್ಡರ್-ಬಾಕ್ಸ್’ ಎಂಬ ಬೆಲೆ ಕೊಟ್ಟು, ಪ್ಯಾಡಿಂಗ್ ಮತ್ತು ಅಂಚನ್ನು ಅಗಲದ ಒಳಗೇ ಎಣಿಸುವಂತೆ ಮಾಡುವುದು ನಿಜಕ್ಕೂ ಅಗತ್ಯವಿತ್ತು. ಈ ಸಾಲನ್ನು ಹೆಚ್ಚಿನ ಪಾಠಗಳು ಮೊದಲ ದಿನವೇ ಬರೆಸುತ್ತವೆ. ಅದು ತಪ್ಪಲ್ಲ, ಆದರೂ ಅದರ ಅಗತ್ಯ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಒಮ್ಮೆ ಕಂಡ ಮೇಲೆ ಬರೆಯುವುದು ಮೇಲೆಂದು ನನ್ನ ಅಭಿಪ್ರಾಯ.

ಹೊರಗೆ ಚಾಚಿದ್ದ ಚಿತ್ರ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರದ್ದು, ಮೊಬೈಲ್ ಕ್ಯಾಮೆರಾದಿಂದ ಬಂದದ್ದು ಬಂದ ಹಾಗೆಯೇ ಅಪ್‌ಲೋಡ್ ಆಗಿತ್ತು. ಗರಿಷ್ಠ ಅಗಲ ಶೇಕಡ 100 ಎಂದು ಬರೆದು ಎತ್ತರವನ್ನು ‘ಆಟೋ’ ಎಂದು ಬಿಟ್ಟರೆ ಅದು ಪರದೆಯೊಳಗೆ ಕುಳಿತುಕೊಳ್ಳುತ್ತದೆ, ಆದರೆ ಡೌನ್‌ಲೋಡ್ ಆಗುವ ಹೊರೆ ಕಡಿಮೆಯಾಗುವುದಿಲ್ಲ. 320 ಪಿಕ್ಸೆಲ್ ಜಾಗಕ್ಕೆ, ಮೂರು ಪಟ್ಟು ಸಾಂದ್ರತೆಯ ಮೊಬೈಲ್ ಪರದೆಯಲ್ಲೂ, 960 ಪಿಕ್ಸೆಲ್ ಅಗಲದ ಚಿತ್ರ ಸಾಕು. ಹಾಗೆ ಕುಗ್ಗಿಸಿದಾಗ ಪಿಕ್ಸೆಲ್‌ಗಳ ಸಂಖ್ಯೆ 1.2 ಕೋಟಿಯಿಂದ 7 ಲಕ್ಷಕ್ಕೂ ಕೆಳಗಿಳಿಯಿತು. ಪುಸ್ತಕ ಪಟ್ಟಿಯ ಮೂರು ಕಂಬಸಾಲುಗಳಿಗೂ ಪರದೆಯ ಅಗಲ ನೋಡಿ ಬೇರೆ ನಿಯಮ ಹಚ್ಚುವ ಹಲವು ಮೀಡಿಯಾ ಕ್ವೆರಿಗಳನ್ನು ಅಂಟಿಸಿದ್ದರು. ಅವುಗಳ ಜಾಗದಲ್ಲಿ, 2017ರಿಂದ ಪ್ರಮುಖ ಬ್ರೌಸರ್‌ಗಳಲ್ಲಿ ದೊರೆಯುವ ಸಿಎಸ್‌ಎಸ್ ಗ್ರಿಡ್ ಬಳಸಿ, ಪ್ರತಿ ಕಂಬಸಾಲು ಕನಿಷ್ಠ 250 ಪಿಕ್ಸೆಲ್ ಇರಲಿ, ಹಿಡಿಯುವಷ್ಟು ಹಿಡಿಯಲಿ ಎಂದು ಒಂದೇ ಸಾಲಿನಲ್ಲಿ ಹೇಳಿದರು. ಮೊಬೈಲಿನಲ್ಲಿ ಒಂದು, ಲ್ಯಾಪ್‌ಟಾಪಿನಲ್ಲಿ ಮೂರು ಕಂಬಸಾಲುಗಳು ತಾವಾಗಿಯೇ ಬಂದವು.

ವಿನ್ಯಾಸದ ಭಾಗ

ವಿನ್ಯಾಸದಲ್ಲಿ ಎರಡು ವಿಷಯಗಳನ್ನು ಮಾತ್ರ ಕೈಗೆತ್ತಿಕೊಂಡೆವು. ಟೆಂಪ್ಲೇಟಿನ ಪಠ್ಯ ಬಿಳಿಯ ಮೇಲೆ ತೆಳು ಬೂದು ಬಣ್ಣದಲ್ಲಿತ್ತು, ಅದರ ಸಂಕೇತ 999. ಬಿಳಿ ಹಿನ್ನೆಲೆಯೊಂದಿಗೆ ಅದರ ವ್ಯತ್ಯಾಸ ಅನುಪಾತ 2.85ಕ್ಕೆ 1, ಎಲ್ಲರೂ ಓದಬಹುದಾದ ಪುಟಗಳಿಗೆಂದು ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಪ್ರಕಟಿಸಿರುವ ಮಾರ್ಗಸೂಚಿ ಸಾಮಾನ್ಯ ಗಾತ್ರದ ಪಠ್ಯಕ್ಕೆ ಕನಿಷ್ಠ 4.5ಕ್ಕೆ 1 ಇರಬೇಕೆನ್ನುತ್ತದೆ. 767676 ಎಂಬ ಬೂದು ಬಣ್ಣ ಆ ಗೆರೆಯನ್ನು ಅಷ್ಟಕ್ಕಷ್ಟೇ ದಾಟುತ್ತದೆ. ಕಲಿಕಾರ್ಥಿ 595959 ಆರಿಸಿಕೊಂಡರು, ಅದರ ಅನುಪಾತ 7ಕ್ಕೆ 1. ಬಿಸಿಲಿನಲ್ಲಿ ಮೊಬೈಲ್ ಹಿಡಿದು ಓದುವವರಿಗೆ ಇದರ ಬೆಲೆ ಗೊತ್ತು.

ಎರಡನೆಯದು ಸಾಲುಗಳ ನಡುವಿನ ಅಂತರ. ಟೆಂಪ್ಲೇಟಿನಲ್ಲಿ ಅಕ್ಷರ ಗಾತ್ರದ 1.2ರಷ್ಟಿದ್ದ ಸಾಲಿನ ಎತ್ತರ ರೋಮನ್ ಅಕ್ಷರಗಳಿಗೆ ಹೇಗೋ ಸಾಕಾಗುತ್ತದೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಕ್ಕೆ ಇಳಿಯುತ್ತವೆ, ಕೆಳಗಿನ ಸಾಲಿನ ಗುಣಿತ ಚಿಹ್ನೆಗಳು ಮೇಲಕ್ಕೆ ಏರುತ್ತವೆ, ಎರಡೂ ಒಂದಕ್ಕೊಂದು ತಾಗುತ್ತವೆ. 1.7ಕ್ಕೆ ಏರಿಸಿದ ಮೇಲೆ ಪುಟಕ್ಕೆ ಉಸಿರು ಬಂತು. ಟೆಂಪ್ಲೇಟ್ ಹೆಸರಿಸಿದ್ದ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇರಲಿಲ್ಲವಾದ್ದರಿಂದ ಪ್ರತಿ ಸಾಧನವೂ ತನ್ನಲ್ಲಿದ್ದ ಕನ್ನಡ ಫಾಂಟನ್ನು ತಂದು ತುಂಬುತ್ತಿತ್ತು. ನೋಟೊ ಸ್ಯಾನ್ಸ್ ಕನ್ನಡವನ್ನು ಪುಟದೊಂದಿಗೇ ಒದಗಿಸಿದ ಮೇಲೆ ಎಲ್ಲೆಡೆಯೂ ಒಂದೇ ರೂಪ ದೊರೆಯಿತು.

ಹುಡುಕಾಟದ ಸ್ಕ್ರಿಪ್ಟ್

ಪಟ್ಟಿ ಬೆಳೆದ ಮೇಲೆ, ಪುಸ್ತಕದ ಹೆಸರನ್ನು ಟೈಪಿಸಿ ಹುಡುಕುವ ಸೌಲಭ್ಯವನ್ನು ಜಾವಾಸ್ಕ್ರಿಪ್ಟಿನಲ್ಲಿ ಬರೆಯಲು ಹೊರಟರು. ಸ್ಕ್ರಿಪ್ಟ್ ಮೊದಲ ಸಾಲಿನಲ್ಲೇ ನಿಂತಿತು. ಆದರೆ ಜಾವಾಸ್ಕ್ರಿಪ್ಟ್ ಮೌನಿಯಲ್ಲ: ಡೆವಲಪರ್ ಟೂಲ್ಸ್‌ನ ಕನ್ಸೋಲ್ ತೆರೆದರೆ, ಹುಡುಕಿದ ಅಂಶ ‘ನಲ್’ (ಅಂದರೆ ಸಿಗಲಿಲ್ಲ) ಎಂದು ಸಾಲಿನ ಸಂಖ್ಯೆ ಸಮೇತ ಬರೆದಿತ್ತು. ‘ಹೆಡ್’ನಲ್ಲಿದ್ದ ಸ್ಕ್ರಿಪ್ಟ್, ಪುಟದ ಪಟ್ಟಿ ಇನ್ನೂ ರಚನೆಯಾಗುವ ಮೊದಲೇ ಓಡಿತ್ತು. ಪುಟ ರಚನೆಯಾದ ಮೇಲೆ ಸ್ಕ್ರಿಪ್ಟ್ ಓಡಿಸುವ ‘ಡಿಫರ್’ ಗುಣ ಸೇರಿಸಿದಾಗ ಸರಿಹೋಯಿತು.

ಅದಾದ ಮೇಲೆ ಬಂದ ದೋಷ ಹೆಚ್ಚು ಸೂಕ್ಷ್ಮವಾದದ್ದು, ಕನ್ನಡದಲ್ಲಿ ತಾಣ ಮಾಡುವ ಯಾರಿಗೂ ಎದುರಾಗಬಹುದಾದದ್ದು. ‘ಹೊಸ’ ಎಂದು ಹುಡುಕಿದರೆ ಆ ಪದದಿಂದ ಆರಂಭವಾಗುವ ಕೆಲವು ಹೆಸರುಗಳು ಸಿಗುತ್ತಿದ್ದವು, ಕೆಲವು ಸಿಗುತ್ತಿರಲಿಲ್ಲ. ಕಣ್ಣಿಗೆ ಎಲ್ಲವೂ ಒಂದೇ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಚಿಹ್ನೆಯ ಮುಂದೆ ಊಕಾರದ ಚಿಹ್ನೆಯನ್ನಿಟ್ಟು ಎರಡು ಸಂಕೇತಗಳಾಗಿಯೂ ಬರೆಯಬಹುದು; ಇವೆರಡೂ ಸಮಾನವೆಂದು ಯುನಿಕೋಡ್ ಹೇಳಿದರೂ ಸಂಕೇತಗಳನ್ನು ಒಂದೊಂದಾಗಿ ಹೋಲಿಸುವ ಪ್ರೋಗ್ರಾಮಿಗೆ ಅವು ಬೇರೆ ಬೇರೆ. ಪಟ್ಟಿಯ ಹೆಸರುಗಳನ್ನು ಗುಂಪಿನವರು ಬೇರೆ ಬೇರೆ ಕಡೆಯಿಂದ ನಕಲು ಮಾಡಿ ಕಳುಹಿಸಿದ್ದರಿಂದ ಎರಡೂ ರೂಪಗಳು ಬೆರೆತಿದ್ದವು. 2015ರ ಆವೃತ್ತಿಯಿಂದ ಜಾವಾಸ್ಕ್ರಿಪ್ಟಿನಲ್ಲಿರುವ ‘ನಾರ್ಮಲೈಸ್’ ವಿಧಾನದ ಮೂಲಕ ಟೈಪಿಸಿದ ಪದವನ್ನೂ ಪಟ್ಟಿಯ ಹೆಸರನ್ನೂ ಒಂದೇ ರೂಪಕ್ಕೆ ತಂದು ಹೋಲಿಸಿದಾಗ ಎಲ್ಲ ಹೆಸರುಗಳೂ ಸಿಕ್ಕವು. ಸಿಗದ ಹೆಸರಿನ ಸಂಕೇತಗಳನ್ನು ಕನ್ಸೋಲಿನಲ್ಲಿ ಒಂದೊಂದಾಗಿ ಮುದ್ರಿಸಿ ನೋಡುವ ಯೋಚನೆ ಕಲಿಕಾರ್ಥಿಯದೇ. ಈ ಪ್ರಕರಣದಲ್ಲಿ ಅವರ ಬೆಳವಣಿಗೆಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಬೇಕಿಲ್ಲ: ಊಹಿಸುವ ಬದಲು ಅವರು ನೋಡಲು ಹೊರಟಿದ್ದರು.

ಈಗಿನ ಸ್ಥಿತಿ

ಸ್ಟೈಲ್‌ಶೀಟ್ ಈಗ ಮೂಲ ಟೆಂಪ್ಲೇಟಿಗಿಂತಲೂ ಚಿಕ್ಕದಾಗಿದೆ, ‘ಇಂಪಾರ್ಟೆಂಟ್’ ಒಂದೂ ಇಲ್ಲ. ಯಾವುದೇ ಬದಲಾವಣೆಗೆ ಮುನ್ನ ಹಳೆಯ ರೂಪಗಳನ್ನು ಕಾಪಾಡುವ ಗಿಟ್ ತಂತ್ರಾಂಶದಲ್ಲಿ ಕಮಿಟ್ ಮಾಡುವ (ಆಗಿನ ರೂಪವನ್ನು ದಾಖಲಿಸುವ) ಅಭ್ಯಾಸ ಬಂದಿರುವುದರಿಂದ, ಸಾಲುಗಳನ್ನು ಅಳಿಸಿ ನೋಡಲು ಹಿಂದಿದ್ದ ಭಯವಿಲ್ಲ. ಬಗೆಹರಿಯದೆ ಉಳಿದದ್ದು ಫಾರಂ. ಫೈಲುಗಳನ್ನಷ್ಟೇ ಒದಗಿಸುವ ಹೋಸ್ಟಿಂಗ್‌ನಲ್ಲಿ, ಓದುಗರು ತುಂಬಿ ಕಳುಹಿಸಿದ ವಿವರವನ್ನು ಸ್ವೀಕರಿಸಲು ಪ್ರೋಗ್ರಾಂ ಯಾವುದೂ ಇರುವುದಿಲ್ಲ; ‘ಕಳುಹಿಸಿ’ ಬಟನ್ ಎಷ್ಟೇ ಚೆನ್ನಾಗಿ ಕಂಡರೂ ಒತ್ತಿದ್ದು ಎಲ್ಲಿಗೂ ತಲುಪುವುದಿಲ್ಲ. ಸದ್ಯಕ್ಕೆ ಅದನ್ನು ತೆಗೆದು, ಪ್ರತಿ ಪುಸ್ತಕದ ಮುಂದೆ ಅದರ ಹೆಸರನ್ನು ವಿಷಯದ ಸಾಲಿನಲ್ಲಿ ತುಂಬಿಕೊಂಡು ತೆರೆಯುವ ಇಮೇಲ್ ಕೊಂಡಿಯನ್ನು ಇಟ್ಟಿದ್ದಾರೆ. ಸಣ್ಣ ಗುಂಪಿಗೆ ಇದು ಸಾಕು. ಸರ್ವರ್ ಕಡೆಯ ಪ್ರೋಗ್ರಾಮಿಂಗ್ ಕಲಿತು ಫಾರಂ ಮರಳಿ ತರಬೇಕೆಂಬುದು ಅವರ ಇಚ್ಛೆ. ಅದಕ್ಕೂ ಮೊದಲು ಪಟ್ಟಿಯನ್ನು ಎಚ್‌ಟಿಎಂಎಲ್‌ನಿಂದ ಬೇರ್ಪಡಿಸಿ ಪ್ರತ್ಯೇಕ ದತ್ತಾಂಶ ಫೈಲಿನಲ್ಲಿ ಇಡುವುದನ್ನು ಕಲಿಯುವಂತೆ ನಾನು ಸಲಹೆ ಕೊಟ್ಟಿದ್ದೇನೆ, ಆ ಕೆಲಸ ಈಗ ನಡೆದಿದೆ.